ಪೆಪ್ಪರ್ ಎಂಬ ಇಂಗ್ಲಿಷ್ ಪದದ ಹುಟ್ಟು ಮತ್ತು ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗ್ರಂಥಿಗೆ ಅಂಗಡಿಗೆ ಹೋದರೆ ಬಾಣಂತಿಯ ಔಷಧಿಗೆಂದು ಒಯ್ಯುವ ಹಿಪ್ಪಲಿ ಸಿಗುತ್ತದೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಶಿರಸಿಯ ಕಡೆಯಿಂದ ಬಂದ ಕಾಳುಮೆಣಸು, ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಬಂದ ಒಣ ಮೆಣಸಿನಕಾಯಿ ಸಿಗುತ್ತವೆ. ಕನ್ನಡದಲ್ಲಿ ಮೂರಕ್ಕೆ ಮೂರು ಹೆಸರಿದ್ದರೂ ಇಂಗ್ಲಿಷಿನಲ್ಲಿ ಈ ಮೂರಕ್ಕೂ ಪೆಪ್ಪರ್ ಎಂಬ ಒಂದೇ ಪದ ಸಲ್ಲುತ್ತದೆ. ವಿದ್ಯಾರ್ಥಿಗಳಿಗೆ, ಅನುವಾದಕರಿಗೆ, ಪಾಕೀಟಿನ ಮೇಲೆ ಇಂಗ್ಲಿಷ್ ಹೆಸರು ಅಚ್ಚು ಹಾಕಿಸುವ ವ್ಯಾಪಾರಸ್ಥರಿಗೆ ಇದರಿಂದ ಹುಟ್ಟುವ ಗೊಂದಲ ಸಣ್ಣದಲ್ಲ. ಆ ಗೊಂದಲದ ಬೇರನ್ನು ಹುಡುಕಿಕೊಂಡು ಹೋದರೆ ನಮ್ಮದೇ ನೆಲಕ್ಕೆ ಬಂದು ಮುಟ್ಟುತ್ತೇವೆ.

ಪೆಪ್ಪರ್ ಎಂಬ ಪದ ಮೂಲತಃ ಯಾವ ಭಾಷೆಯದು?

ಮೂಲತಃ ಅದು ಭಾರತದ ಪದ. ಸಂಸ್ಕೃತದ ಪಿಪ್ಪಲೀ ಎಂಬ ಪದ ಗ್ರೀಕರಲ್ಲಿ ಪೆಪೆರಿ ಎಂದಾಯಿತು, ಗ್ರೀಕರಿಂದ ಲ್ಯಾಟಿನ್ನಿಗೆ ಹೋಗಿ ಪಿಪೆರ್ ಎಂದಾಯಿತು, ರೋಮನ್ನರ ವ್ಯಾಪಾರದ ಜೊತೆಗೆ ಉತ್ತರ ಯುರೋಪಿನ ಜರ್ಮಾನಿಕ್ ಜನರ ಬಾಯಿಗೆ ಬಂದು, ಹಳೆಯ ಇಂಗ್ಲಿಷಿನಲ್ಲಿ ಪಿಪೋರ್ ಎಂಬ ರೂಪದಲ್ಲಿ ನಿಂತಿತು. ಇಂದಿನ ಪೆಪ್ಪರ್ ಅದರ ನೇರ ಮುಂದುವರಿಕೆ. ಜರ್ಮನ್ನಿನ ಫೆಫರ್, ಡಚ್ಚಿನ ಪೇಪರ್, ಫ್ರೆಂಚಿನ ಪುವಾವ್ರ್, ಇಟಾಲಿಯನ್ನಿನ ಪೇಪೆ ಎಲ್ಲವೂ ಇದೇ ಬಳ್ಳಿಯ ಕುಡಿಗಳು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳೆಂದರೆ ಸಾಮಾನ್ಯವಾಗಿ ಕಂಪನಿ ಸರ್ಕಾರದ ಕಾಲದ ಬಂಗ್ಲೆ, ಶಾಂಪೂ ಮುಂತಾದವು ನಮಗೆ ನೆನಪಾಗುತ್ತವೆ. ಪೆಪ್ಪರ್ ಅವುಗಳಿಗಿಂತ ಸಾವಿರ ವರ್ಷಕ್ಕೂ ಮೊದಲೇ ಹೋಗಿ ಸೇರಿಕೊಂಡಿದೆ. ಅದು ಪರದೇಶದಿಂದ ಬಂದದ್ದೆಂಬ ಗುರುತೇ ಇಂಗ್ಲಿಷರಿಗೆ ಉಳಿದಿಲ್ಲ.

ಪಿಪ್ಪಲೀ ಎಂಬುದರ ಲಕಾರ ಪೆಪ್ಪರ್‌ನಲ್ಲಿ ರಕಾರವಾದದ್ದು ಹೇಗೆ?

ಪದವು ಗ್ರೀಕರನ್ನು ಮುಟ್ಟುವ ಮೊದಲು ಇರಾನಿನ ಭಾಷೆಗಳನ್ನು ಹಾದು ಹೋಗಿರಬೇಕೆಂಬುದು ಭಾಷಾಶಾಸ್ತ್ರಜ್ಞರ ವಿವರಣೆ. ಹಳೆಯ ಪರ್ಷಿಯನ್ ಭಾಷೆಯ ಸ್ವಂತ ಪದಗಳಲ್ಲಿ ಲಕಾರವಿರಲಿಲ್ಲ, ಆ ಜಾಗದಲ್ಲಿ ರಕಾರವನ್ನೇ ಉಚ್ಚರಿಸುತ್ತಿದ್ದರು. ಅರಬ್ಬಿಯ ಫಿಲ್‌ಫಿಲ್ ಎಂಬ ರೂಪದಲ್ಲಿ ಲಕಾರ ಇಂದಿಗೂ ಹಾಗೆಯೇ ಇದೆ.

ಪಿಪ್ಪಲೀ ಎಂದರೆ ಕಾಳುಮೆಣಸೇ?

ಅಲ್ಲ. ಪಿಪ್ಪಲೀ ಎಂದರೆ ನಾವು ಹಿಪ್ಪಲಿ ಎನ್ನುವ ವಸ್ತು. ಸಂಸ್ಕೃತದಲ್ಲಿ ಕಾಳುಮೆಣಸಿಗೆ ಮರೀಚ ಎಂಬ ಬೇರೆಯ ಪದವಿದೆ. ಆಯುರ್ವೇದದ ತ್ರಿಕಟು ಎಂಬ ಚೂರ್ಣದಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಎಂದು ಮೂರನ್ನೂ ಬೇರೆ ಬೇರೆ ಎಣಿಸುವುದರಿಂದ ಇವೆರಡನ್ನು ನಮ್ಮವರು ಎಂದೂ ಒಂದೆಂದು ತಿಳಿದಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಒಂದು ಒಣ ಹಿಪ್ಪಲಿಯನ್ನು ಅಂಗೈಯಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದು ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಬೂದುಗಪ್ಪು ಬಣ್ಣದ, ಒಣಗಿದ ಹಿಪ್ಪುನೇರಳೆ ಹಣ್ಣಿನಂತೆ ಮೈತುಂಬ ಸಣ್ಣ ಕಾಳುಗಳು ಅಂಟಿಕೊಂಡಿರುವ ಕಡ್ಡಿ. ಮುರಿದು ನಾಲಿಗೆಗೆ ಹಚ್ಚಿದರೆ ಮೊದಲು ತುಸು ಸಿಹಿಯಾದ ವಾಸನೆ, ಆಮೇಲೆ ನಿಧಾನವಾಗಿ ಏರುವ ಖಾರ. ಸಸ್ಯಶಾಸ್ತ್ರದ ಪ್ರಕಾರ ಹಿಪ್ಪಲಿ ಪೈಪರ್ ಲಾಂಗಮ್, ಕಾಳುಮೆಣಸು ಪೈಪರ್ ನೈಗ್ರಮ್. ಎರಡೂ ಒಂದೇ ಕುಲದ ಬಳ್ಳಿಗಳು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಹಳಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೂ ಹೂವಾದಂತೆ, ಪಿಪ್ಪಲಿ ನಮ್ಮಲ್ಲಿ ಹಿಪ್ಪಲಿಯಾಯಿತು. ಆದ್ದರಿಂದ ಕನ್ನಡದ ಹಿಪ್ಪಲಿ ಮತ್ತು ಇಂಗ್ಲಿಷಿನ ಪೆಪ್ಪರ್ ಒಂದೇ ಪದದ ಎರಡು ರೂಪಗಳು. ಒಂದು ಮನೆಯಲ್ಲೇ ಉಳಿದು ಪಕಾರ ಕಳೆದುಕೊಂಡಿತು, ಇನ್ನೊಂದು ಇರಾನ್, ಗ್ರೀಸ್, ರೋಮ್ ಸುತ್ತಿ ಲಕಾರ ಕಳೆದುಕೊಂಡಿತು. ಹಾಗೆ ನೋಡಿದರೆ ಅರ್ಥದ ವಿಷಯದಲ್ಲಿ ಮಾತು ತಪ್ಪದೆ ನಿಂತದ್ದು ನಮ್ಮ ಹಿಪ್ಪಲಿಯೇ.

ಹಾಗಾದರೆ ಹಿಪ್ಪಲಿಯ ಹೆಸರು ಕಾಳುಮೆಣಸಿಗೆ ಹೋದದ್ದು ಏಕೆ?

ಗ್ರೀಕರಿಗೂ ರೋಮನ್ನರಿಗೂ ಬಳ್ಳಿಯ ಪರಿಚಯವಿರಲಿಲ್ಲ, ಮೂಟೆಯಲ್ಲಿ ಬಂದ ಒಣ ಸರಕಿನ ಪರಿಚಯ ಮಾತ್ರ ಇತ್ತು. ಎರಡೂ ಭಾರತದಿಂದ ಬರುತ್ತಿದ್ದವು, ಎರಡೂ ಖಾರವಾಗಿದ್ದವು. ಹೀಗಾಗಿ ಒಂದೇ ಹೆಸರು ಸಾಕಾಯಿತು. ಮೊದಲನೆಯ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಬರೆದಿಟ್ಟ ಬೆಲೆಗಳ ಪ್ರಕಾರ ಒಂದು ರೋಮನ್ ಪೌಂಡು ಹಿಪ್ಪಲಿಗೆ 15 ದಿನಾರಿ ಎಂಬ ಬೆಳ್ಳಿ ನಾಣ್ಯಗಳು, ಬಿಳಿ ಮೆಣಸಿಗೆ 7, ಕರಿ ಮೆಣಸಿಗೆ 4. ಕಾಳುಮೆಣಸು ಅಗ್ಗವಾಗಿ, ಹೇರಳವಾಗಿ ಸಿಗುತ್ತಿದ್ದುದರಿಂದ ಮನೆಮನೆಯ ಬಳಕೆಗೆ ಬಂದದ್ದು ಅದೇ. ಶತಮಾನಗಳು ಕಳೆದಂತೆ ಹಿಪ್ಪಲಿ ಯುರೋಪಿನ ಅಡುಗೆಮನೆಯಿಂದ ಮರೆಯಾಯಿತು, ಅದರ ಹೆಸರು ಕಾಳುಮೆಣಸಿನ ಪಾಲಿಗೆ ಉಳಿಯಿತು. ಇದು ಆ ಪದದ ಮೊದಲ ಸ್ಥಾನಪಲ್ಲಟ.

ಈ ಒಂದು ಪದಾರ್ಥಕ್ಕೆ ಅಷ್ಟೊಂದು ಬೆಲೆ ಇತ್ತೇ?

ಕ್ರಿ.ಶ. 408ರಲ್ಲಿ ವಿಸಿಗೋಥರು ಎಂಬ ಜರ್ಮಾನಿಕ್ ಜನರ ಅರಸ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಬಿಡುಗಡೆಗಾಗಿ ಚಿನ್ನ, ಬೆಳ್ಳಿ, ರೇಷ್ಮೆಗಳ ಜೊತೆಗೆ 3,000 ಪೌಂಡು ಮೆಣಸನ್ನು ಕೇಳಿದ. ಲಂಡನ್ನಿನಲ್ಲಿ 1180ರ ಹೊತ್ತಿಗೇ ಪೆಪ್ಪರರ್ಸ್ ಎಂಬ ಮೆಣಸಿನ ವ್ಯಾಪಾರಿಗಳ ಸಂಘವಿತ್ತು. ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿ 1552ರಿಂದ 1606ರವರೆಗೆ ಆಳಿದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ರೈನ್ಹಾ ದ ಪಿಮೆಂಟಾ, ಅಂದರೆ ಮೆಣಸಿನ ರಾಣಿ ಎಂದು ಕರೆದರು. ಅರ್ಧ ಶತಮಾನ ಆಳಿದ ಜೈನ ರಾಣಿಯೊಬ್ಬಳ ಗುರುತು ಪರದೇಶದವರಿಗೆ ಆಕೆಯ ಬಂದರಿನಿಂದ ಹೊರಡುವ ಸರಕಿನ ಮೂಲಕವೇ ಸಿಕ್ಕಿತೆಂದರೆ ಆ ಸರಕಿನ ತೂಕ ಎಂಥದ್ದೆಂದು ತಿಳಿಯುತ್ತದೆ. ಅಲ್ಲಿಯ ಪಿಮೆಂಟಾ ಎಂಬ ಪದಕ್ಕೆ ಮುಂದೆ ಮತ್ತೆ ಬರಬೇಕಾಗಿದೆ.

ಮೆಣಸಿನಕಾಯಿಯನ್ನೂ ಪೆಪ್ಪರ್ ಎನ್ನುವುದು ಏಕೆ? ಅದು ಬೇರೆಯೇ ಗಿಡವಲ್ಲವೇ?

ಬೇರೆಯೇ ಗಿಡ, ಬೇರೆಯೇ ಖಂಡದ ಗಿಡ. ಮೆಣಸಿನಕಾಯಿ ಕ್ಯಾಪ್ಸಿಕಮ್ ಎಂಬ ಕುಲಕ್ಕೆ ಸೇರಿದ್ದು. ಬದನೆ, ಟೊಮೆಟೊ, ಆಲೂಗಡ್ಡೆ ಅದರ ಬಳಗ. ಅದರ ತವರು ಅಮೆರಿಕ ಖಂಡ. ಕೊಲಂಬಸ್ 1492ರಲ್ಲಿ ಹೊರಟದ್ದು ಭಾರತದ ಸಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಅವನಿಗೆ ಕಾಳುಮೆಣಸು ಸಿಗಲಿಲ್ಲ, ಕೆರಿಬಿಯನ್ ದ್ವೀಪದ ಜನ ಅಹೀ ಎಂದು ಕರೆದು ಊಟದಲ್ಲಿ ಬಳಸುತ್ತಿದ್ದ ಕೆಂಪು ಕಾಯಿ ಸಿಕ್ಕಿತು. ಇದೇ ಇವರ ಮೆಣಸು ಎಂದು ಅವನು 1493ರ ಜನವರಿಯ ದಿನಚರಿಯಲ್ಲಿ ಬರೆದುಕೊಂಡ. ಸ್ಪ್ಯಾನಿಷರು ಕಾಳುಮೆಣಸಿಗೆ ಪಿಮಿಯೆಂಟಾ ಎನ್ನುತ್ತಿದ್ದರು, ಹೊಸ ಕಾಯಿಗೆ ಕೊನೆಯ ಸ್ವರವನ್ನಷ್ಟೇ ಬದಲಿಸಿ ಪಿಮಿಯೆಂಟೊ ಎಂದರು. ಇಂಗ್ಲಿಷರು ಸ್ವರವನ್ನೂ ಬದಲಿಸದೆ ಪೆಪ್ಪರ್ ಎಂದೇ ಕರೆದರು. ಪದದ ಎರಡನೆಯ ಸ್ಥಾನಪಲ್ಲಟ ಇದು.

ಇದನ್ನು ಕೊಲಂಬಸನ ತಪ್ಪು ಎಂದು ಅನೇಕರು ಹೇಳುವುದುಂಟು. ಆ ಮಾತು ನ್ಯಾಯವಾದದ್ದಲ್ಲ ಎಂದು ನನಗೆ ಅನಿಸುತ್ತದೆ, ಏಕೆಂದರೆ ಅವನ ಹೆಸರನ್ನೇ ಕೇಳದಿದ್ದ ನಮ್ಮ ಜನವೂ ಸರಿಯಾಗಿ ಅದನ್ನೇ ಮಾಡಿದರು.

ಕನ್ನಡದ ಮೆಣಸಿನಕಾಯಿ ಎಂಬ ಪದ ಇಂಗ್ಲಿಷಿನ ಅನುಕರಣೆಯೇ?

ಅಲ್ಲವೇ ಅಲ್ಲ. ಮೆಣಸು ಎಂಬುದು ಅಚ್ಚ ದ್ರಾವಿಡ ಪದ. ತಮಿಳಿನ ಮಿಳಗು, ಮಲಯಾಳದ ಮುಳಕ್ ಇದರ ಒಡಹುಟ್ಟುಗಳು. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಂಥ ಹಳೆಯ ಕೃತಿಗಳಲ್ಲಿ ಅಡುಗೆಯ ಪ್ರಸ್ತಾಪವಿದ್ದರೂ ಅಲ್ಲಿ ಮೆಣಸಿನಕಾಯಿ ಇರಲು ಸಾಧ್ಯವೇ ಇಲ್ಲ. ಆ ಕಾಲದ ಮೆಣಸು ಕಾಳುಮೆಣಸೇ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಹದಿನಾರನೆಯ ಶತಮಾನದಲ್ಲಿ ಅಮೆರಿಕದ ಈ ಕಾಯಿ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಅದನ್ನು ಬಾಯಿಗಿಟ್ಟ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿದ್ದ ಖಾರ ಮೆಣಸಿನದು. ಮೆಣಸಿನಂತೆ ಸುಡುವ ಕಾಯಿ ಮೆಣಸಿನಕಾಯಿಯಾಯಿತು. ತಮಿಳರೂ ಹೀಗೆಯೇ ಮಿಳಗಿಗೆ ಕಾಯ್ ಸೇರಿಸಿ ಮಿಳಗಾಯ್ ಎಂದರು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. ಹೊಸದಾಗಿ ಬಂದ ಕಾಯಿ ಎಷ್ಟು ಬೇಗ ಅಡುಗೆಮನೆಯನ್ನು ಆಕ್ರಮಿಸಿತೆಂದರೆ, ಮೂಲದ ಮೆಣಸೇ ತನ್ನ ಹೆಸರಿಗೆ ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ನಾವು ಕಾಳುಮೆಣಸು, ಕರಿಮೆಣಸು ಎನ್ನುತ್ತೇವೆ. ಕರಾವಳಿಯಲ್ಲಿ ಬರಿದೇ ಮೆಣಸು ಎಂದರೆ ಕೆಂಪು ಕಾಯಿಯೇ, ಹಳೆಯ ಮೆಣಸನ್ನು ಅವರು ಒಳ್ಳೆಮೆಣಸು ಎನ್ನುತ್ತಾರೆ. ತುಳುವರ ಎಡ್ಡೆಮುಂಚಿ ಎಂಬುದಕ್ಕೂ ಒಳ್ಳೆಯ ಮೆಣಸು ಎಂದೇ ಅರ್ಥ. ಹಳೆಯದನ್ನು ಒಳ್ಳೆಯದೆಂದು ಕರೆದ ಆ ಮಾತಿನಲ್ಲಿ, ಹೊಸಬರು ಬಂದರೂ ಹಿರಿಯರಿಗೆ ಮಣೆ ಹಾಕುವ ಮನೆಯ ಮರ್ಯಾದೆ ಕಾಣುತ್ತದೆ. ಹಾವೇರಿಯಿಂದ ಘಟ್ಟ ಇಳಿದು ಕರಾವಳಿಗೆ ಹೋಗಿ ಊಟಕ್ಕೆ ಕುಳಿತವರು ಮೆಣಸು ಕೇಳುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡುವುದು ಒಳಿತು.

ಮರಾಠಿ, ಹಿಂದಿಗಳಲ್ಲಿಯೂ ಇದೇ ಕಥೆ. ಸಂಸ್ಕೃತದ ಮರೀಚದಿಂದ ಬಂದ ಮಿರಿ ಮರಾಠಿಯಲ್ಲಿ ಕಾಳುಮೆಣಸಾಗಿ ಉಳಿಯಿತು, ಅದೇ ಮೂಲದ ಮಿರಚಿ ಹೊಸ ಕಾಯಿಗೆ ಹೋಯಿತು. ಹಿಂದಿಯವರು ಹಳೆಯದಕ್ಕೆ ಕಾಲೀ ಮಿರ್ಚ್ ಎನ್ನಬೇಕಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಈ ಪದ ಮತ್ತೊಂದು ಹೆಜ್ಜೆ ಮುಂದೆ ಹೋಗಿದೆ. ಸಂಜೆ ಗಿರಮಿಟ್ಟಿನ ಜೊತೆಗೆ ಎರಡು ಮಿರ್ಚಿ ಕೊಡ್ರಿ ಎಂದರೆ ಅಂಗಡಿಯವರು ಹಸಿ ಮೆಣಸಿನಕಾಯಿಯನ್ನಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಬಜಿಯನ್ನು ಕೊಡುತ್ತಾರೆ. ಕಾಳುಮೆಣಸಿನ ಹೆಸರು ಕಾಯಿಗೆ, ಕಾಯಿಯ ಹೆಸರು ತಿನಿಸಿಗೆ ಬಂದು ನಿಂತಿದೆ.

ಎರಡು ಬೇರೆ ಗಿಡಗಳ ಖಾರವನ್ನು ಜನ ಒಂದೇ ಎಂದು ತಿಳಿದದ್ದು ಅಜ್ಞಾನವಲ್ಲವೇ?

ಗಿಡದ ದೃಷ್ಟಿಯಿಂದ ನೋಡಿದರೆ ಹೌದೆನ್ನಬಹುದು, ನಾಲಿಗೆಯ ದೃಷ್ಟಿಯಿಂದ ಅಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ರಾಸಾಯನಿಕ. ಅದನ್ನು 1819ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್‌ಸ್ಟೆಡ್ ಬೇರ್ಪಡಿಸಿದರು. ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್. ರಾಸಾಯನಿಕಗಳು ಬೇರೆಯಾದರೂ ಇವೆರಡೂ ನಮ್ಮ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಒಂದೇ ಗ್ರಾಹಕವನ್ನು, ಅಂದರೆ ಸಂವೇದನೆಯನ್ನು ಹಿಡಿಯುವ ಪ್ರೋಟೀನನ್ನು, ಕೆರಳಿಸುತ್ತವೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅದೇ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ನಿಜವಾದ ಬಿಸಿಗೂ ಸ್ಪಂದಿಸುತ್ತದೆ. ಖಾರ ತಿಂದಾಗ ಬಾಯಿ ಉರಿಯಿತು ಎನ್ನುವ ನಮ್ಮ ಮಾತು, ಖಾರಕ್ಕೆ ಹಾಟ್ ಎನ್ನುವ ಇಂಗ್ಲಿಷರ ಮಾತು ಎರಡಕ್ಕೂ ಶರೀರದಲ್ಲಿಯೇ ಆಧಾರವಿದೆ. ಸ್ಪೇನಿನ ನಾವಿಕನೂ ಕನ್ನಡ ನಾಡಿನ ಗೃಹಿಣಿಯೂ ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದದ್ದು ಈ ಕಾರಣಕ್ಕೆ. ಹೆಸರಿಟ್ಟದ್ದು ಕಣ್ಣಲ್ಲ, ನಾಲಿಗೆ.

ಚಿಲ್ಲಿ ಎಂಬ ಪದ ಚಿಲಿ ದೇಶದಿಂದ ಬಂತೇ?

ಇಲ್ಲ. ಅದು ಮೆಕ್ಸಿಕೋದ ನಾವಾಟಲ್ ಭಾಷೆಯ ಚಿಲ್ಲಿ ಎಂಬ ಪದ, ಸ್ಪ್ಯಾನಿಷ್ ಮೂಲಕ ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಚಳಿ ಎಂಬ ಅರ್ಥದ ಇಂಗ್ಲಿಷ್ ಚಿಲ್ಲಿಗೂ ಇದಕ್ಕೂ ಉಚ್ಚಾರಣೆಯ ಹೋಲಿಕೆ ಬಿಟ್ಟು ಬೇರೆ ನಂಟಿಲ್ಲ.

ಪಿಮೆಂಟಾ, ಪಾಪ್ರಿಕಾ ಎಂಬ ಪದಗಳಿಗೂ ಪೆಪ್ಪರ್‌ಗೂ ಏನು ಸಂಬಂಧ?

ಪಾಪ್ರಿಕಾ ಪೆಪ್ಪರ್‌ನ ಬಂಧು. ಲ್ಯಾಟಿನ್ನಿನ ಪಿಪೆರ್ ದಕ್ಷಿಣ ಸ್ಲಾವಿಕ್ ಭಾಷೆಗಳಲ್ಲಿ ಪಾಪರ್ ಎಂದಾಗಿ, ಅದರಿಂದ ಪಾಪ್ರಿಕಾ ಹುಟ್ಟಿ, ಹಂಗೇರಿಯನ್ ಮೂಲಕ ಜಗತ್ತಿಗೆ ಹರಡಿತು. ಪಿಮೆಂಟಾದ ವಂಶ ಬೇರೆ. ಅದು ಲ್ಯಾಟಿನ್ನಿನ ಪಿಗ್ಮೆಂಟಾ, ಅಂದರೆ ಬಣ್ಣಗಳು ಎಂಬ ಪದದಿಂದ ಬಂದದ್ದು. ಇಂಗ್ಲಿಷಿನ ಪಿಗ್ಮೆಂಟ್ ಅದೇ ಪದ. ಬಣ್ಣದ ಪುಡಿ ಎಂಬ ಅರ್ಥ ಕ್ರಮೇಣ ಸಂಬಾರದ ಪುಡಿ ಎಂದು ಹಿಗ್ಗಿ, ಕೊನೆಗೆ ಮೆಣಸಿಗೆ ನಿಂತಿತು.

ಖಾರದ ಪದಾರ್ಥಕ್ಕೆ ಬಣ್ಣದ ಹೆಸರೇಕೆ ಎಂದು ಬ್ಯಾಡಗಿಯವರು ಮಾತ್ರ ಕೇಳಲಾರರು. ಬ್ಯಾಡಗಿ ಮೆಣಸಿನಕಾಯಿಯ ಬೆಲೆಯನ್ನು ನಿರ್ಧರಿಸುವುದೇ ಅದರ ಬಣ್ಣ. ಕಡ್ಡಿ ಎಂಬ ತಳಿ ತೆಳ್ಳಗೆ ಉದ್ದ, ಡಬ್ಬಿ ಗಿಡ್ಡ ಮತ್ತು ದಪ್ಪ. ಮೈಯೆಲ್ಲ ನೆರಿಗೆಗಟ್ಟಿದ ಒಂದು ಡಬ್ಬಿ ಕಾಯಿಯ ತೊಟ್ಟು ಮುರಿದು, ಬೀಜ ಉದುರಿಸಿ, ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ನೀರು ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಬೆರಳ ತುದಿಯ ಕೆಂಪು ಎರಡು ಸಲ ಸೋಪು ಹಚ್ಚಿ ತೊಳೆದರೂ ಉಗುರಿನ ಅಂಚಿನಲ್ಲಿ ಉಳಿಯುತ್ತದೆ. ಖಾರವೋ, ಇತರ ಊರಿನ ಕಾಯಿಗಳಿಗೆ ಹೋಲಿಸಿದರೆ ಸೌಮ್ಯವೇ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸಾರ ಆಹಾರದ ಬಣ್ಣಕ್ಕೆ, ಲಿಪ್‌ಸ್ಟಿಕ್ಕಿಗೆ, ಉಗುರುಬಣ್ಣಕ್ಕೆ ಹೋಗುತ್ತದೆ. ಖಾರವನ್ನು ಅಳೆಯಲು 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಮಾಡಿದ ಮಾನವಿದ್ದಂತೆ, ಬಣ್ಣವನ್ನು ಅಳೆಯಲು ಆಸ್ಟಾ ಎಂಬ ಮಾನವಿದೆ. ನಮ್ಮ ಮನೆಗಳಲ್ಲಿ ಕೆಂಪು ಮೆಣಸಿನಹಣ್ಣನ್ನು ರುಬ್ಬಿ ಮಾಡುವ ರಂಜಕದ ಹೆಸರನ್ನೂ ಇಲ್ಲಿ ನೆನೆಯಬೇಕು. ಸಂಸ್ಕೃತದಲ್ಲಿ ರಂಜಕ ಎಂದರೆ ಬಣ್ಣ ಕೊಡುವಂಥದ್ದು ಎಂದು ಅರ್ಥ. ರೊಟ್ಟಿಯ ಮೇಲಿನ ರಂಜಕವೂ ಪೋರ್ಚುಗೀಸರ ಪಿಮೆಂಟಾವೂ ಅರ್ಥದಲ್ಲಿ ಇಷ್ಟು ಹತ್ತಿರ ಬಂದು ನಿಂತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಪೆಪ್ಪರ್ ಪದಕ್ಕೆ ಇಂಗ್ಲಿಷಿನಲ್ಲಿ ಬೇರೆ ಅರ್ಥಗಳಿವೆಯೇ?

ಇವೆ. ಕ್ರಿಯಾಪದವಾಗಿ ಬಳಸಿದಾಗ ಮೆಣಸಿನ ಪುಡಿ ಉದುರಿಸು ಎಂಬ ಅರ್ಥದಿಂದ ಹೊರಟು, ಗುಂಡು ಅಥವಾ ಕಲ್ಲುಗಳ ಮಳೆಗರೆ, ಪ್ರಶ್ನೆಗಳ ಸುರಿಮಳೆ ಸುರಿಸು ಎಂಬ ಅರ್ಥಗಳವರೆಗೆ ಹೋಗುತ್ತದೆ. ಹುರುಪು ತುಂಬುವ ಮಾತಿಗೆ ಪೆಪ್ ಟಾಕ್ ಎನ್ನುತ್ತಾರಲ್ಲ, ಆ ಪೆಪ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಪೆಪ್ಪರ್‌ನ ಮೊಟಕು ರೂಪ. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಮಕ್ಕಳು ಕೊಳ್ಳುವ ಪೆಪ್ಪರಮೆಂಟಿನಲ್ಲಿಯೂ ಇದೇ ಪದವಿದೆ. ಮೆಣಸಿನಂತೆ ಚುರುಗುಟ್ಟುವ ಪುದೀನ ಎಂಬುದು ಪೆಪ್ಪರ್‌ಮಿಂಟ್ ಎಂಬುದರ ಅರ್ಥ, 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಆ ಗಿಡಕ್ಕೆ ಕೊಟ್ಟ ಮೆಂಥಾ ಪೈಪರಿಟಾ ಎಂಬ ಹೆಸರಿನ ಅರ್ಥವೂ ಅದೇ. ಈಗ ಆ ಪುದೀನ ಇಲ್ಲದ ಸಕ್ಕರೆ ಗುಳಿಗೆಗೂ ಮಕ್ಕಳು ಪೆಪ್ಪರಮೆಂಟು ಎಂದೇ ಹೇಳುತ್ತಾರೆ.

ಪೆಪ್ಪರ್‌ಕಾರ್ನ್ ರೆಂಟ್ ಎಂದರೇನು?

ಪೆಪ್ಪರ್‌ಕಾರ್ನ್ ಎಂದರೆ ಒಂದು ಮೆಣಸಿನ ಕಾಳು. ಇಂಗ್ಲಿಷ್ ಕಾನೂನಿನಲ್ಲಿ ಒಪ್ಪಂದ ಊರ್ಜಿತವಾಗಬೇಕಾದರೆ ಎರಡೂ ಕಡೆಯಿಂದ ಏನಾದರೂ ಸಂದಾಯವಾಗಬೇಕು. ಬಾಡಿಗೆ ತೆಗೆದುಕೊಳ್ಳುವ ಮನಸ್ಸಿಲ್ಲದಿದ್ದರೂ ಒಪ್ಪಂದ ನಿಲ್ಲಬೇಕೆಂಬ ಕಾರಣಕ್ಕೆ ವರ್ಷಕ್ಕೊಂದು ಮೆಣಸಿನ ಕಾಳು ಎಂದು ಬರೆಯುವುದುಂಟು. ಬರ್ಮುಡಾದ ಸೇಂಟ್ ಜಾರ್ಜ್ ಪಟ್ಟಣದಲ್ಲಿ 1816ರಿಂದ ಹಳೆಯ ಸರ್ಕಾರಿ ಕಟ್ಟಡವೊಂದಕ್ಕೆ ಫ್ರೀಮೇಸನ್ ಎಂಬ ಸೋದರ ಬಳಗದ ಸಂಘವು ವರ್ಷಕ್ಕೊಂದು ಮೆಣಸಿನ ಕಾಳನ್ನು ಗವರ್ನರರಿಗೆ ಸಮಾರಂಭಪೂರ್ವಕವಾಗಿ ಒಪ್ಪಿಸುತ್ತಾ ಬಂದಿದೆ. ಅಲಾರಿಕನ ಕಾಲದಲ್ಲಿ ನಗರದ ಪ್ರಾಣದ ಬೆಲೆಯಲ್ಲಿ ಸೇರಿದ್ದ ವಸ್ತು ಇಲ್ಲಿ ನಾಮಮಾತ್ರದ ಬೆಲೆಗೆ ಗುರುತಾಗಿದೆ.

ನಮ್ಮ ಮೆಣಸು ಎಂಬ ಪದದ ಬಳಗದ ಯಾವುದಾದರೂ ಪದ ಇಂಗ್ಲಿಷಿಗೆ ಹೋಗಿದೆಯೇ?

ಹೋಗಿದೆ. ತಮಿಳಿನ ಮಿಳಗು ಮತ್ತು ತಣ್ಣೀರ್ ಸೇರಿದ ಮಿಳಗುತಣ್ಣಿಯನ್ನು ಮದರಾಸಿನ ಇಂಗ್ಲಿಷರು ಮಲ್ಲಿಗಟಾನಿ ಎಂಬ ಸೂಪ್ ಮಾಡಿಕೊಂಡರು. ಅಕ್ಷರಶಃ ಮೆಣಸಿನ ನೀರು, ಅಂದರೆ ನಮ್ಮ ಮೆಣಸಿನ ಸಾರಿನ ಬಂಧು.

ಇಂಗ್ಲಿಷ್ ಅಡುಗೆಯ ಬರಹದಲ್ಲಿ ಪೆಪ್ಪರ್ ಎಂದು ಕಂಡಾಗ ಕನ್ನಡದಲ್ಲಿ ಏನೆಂದು ಬರೆಯಬೇಕು?

ಇಂಗ್ಲಿಷಿನ ವ್ಯಾಕರಣವೇ ದಾರಿ ತೋರಿಸುತ್ತದೆ. ಉಪ್ಪಿನಂತೆ ಎಣಿಕೆಗೆ ಸಿಗದ ವಸ್ತುವಾಗಿ, ಏಕವಚನದಲ್ಲಿ ಬಂದರೆ ಅದು ಕಾಳುಮೆಣಸು. ಒಂದು ಪೆಪ್ಪರ್, ಎರಡು ಪೆಪ್ಪರ್ಸ್ ಎಂದು ಎಣಿಸಿದ್ದರೆ ಅದು ಕಾಯಿ, ಹೆಚ್ಚಾಗಿ ನಾವು ಕ್ಯಾಪ್ಸಿಕಂ ಅಥವಾ ದೊಣ್ಣಮೆಣಸಿನಕಾಯಿ ಎನ್ನುವ ಖಾರವಿಲ್ಲದ ತರಕಾರಿ. ಅಮೆರಿಕದವರು ಅದನ್ನು ಬೆಲ್ ಪೆಪ್ಪರ್ ಎನ್ನುತ್ತಾರೆ. ಕೆಯೆನ್ ಪೆಪ್ಪರ್ ಎಂದರೆ ಖಾರದಪುಡಿ. ವೈಟ್ ಪೆಪ್ಪರ್ ಬೇರೆ ಗಿಡದ್ದಲ್ಲ, ಮಾಗಿದ ಕಾಳುಮೆಣಸಿನ ಸಿಪ್ಪೆ ತೆಗೆದದ್ದು. ಲಾಂಗ್ ಪೆಪ್ಪರ್ ಎಂದು ಕಂಡರೆ ಉದ್ದ ಮೆಣಸಿನಕಾಯಿ ಎಂದು ಅನುವಾದಿಸಬಾರದು, ಅದು ಹಿಪ್ಪಲಿ. ಈ ತಪ್ಪನ್ನು ಔಷಧಿಯ ಬರಹಗಳಲ್ಲಿ ಮಾಡಿದರೆ ಪರಿಣಾಮ ಅಡುಗೆ ಕೆಡುವುದಕ್ಕಿಂತ ದೊಡ್ಡದು.

ಬ್ಯಾಡಗಿ ಮೆಣಸಿನಕಾಯಿಯ ಪಾಕೀಟಿನ ಮೇಲೆ ಚಿಲ್ಲಿ ಎನ್ನಬೇಕೋ ಪೆಪ್ಪರ್ ಎನ್ನಬೇಕೋ?

ಚಿಲ್ಲಿ ಎನ್ನುವುದೇ ಸರಿ. ರೆಡ್ ಪೆಪ್ಪರ್ ಎಂದು ಬರೆದರೆ ಇಂಗ್ಲೆಂಡಿನ ಗ್ರಾಹಕರು ಕೆಂಪು ದೊಣ್ಣಮೆಣಸಿನಕಾಯಿಯನ್ನು ನಿರೀಕ್ಷಿಸಬಹುದು. 2011ರಲ್ಲಿ ಈ ಬೆಳೆಗೆ ಸಿಕ್ಕ ಭೌಗೋಳಿಕ ಗುರುತಿನ ನೋಂದಣಿಯೂ ಬ್ಯಾಡಗಿ ಚಿಲ್ಲಿ ಎಂಬ ಹೆಸರಿನಲ್ಲಿಯೇ ಇದೆ. ಊರಿನ ಹೆಸರನ್ನು ಮೊದಲು ದೊಡ್ಡದಾಗಿ ಅಚ್ಚು ಹಾಕಿಸಿ, ಚಿಲ್ಲಿ ಎಂಬುದನ್ನು ಅದರ ನಂತರ ಇಟ್ಟು, ಕನ್ನಡದಲ್ಲಿ ಮೆಣಸಿನಕಾಯಿ ಎಂದೇ ಬರೆದು, ಕಡ್ಡಿಯೋ ಡಬ್ಬಿಯೋ ಎಂಬುದನ್ನು ಕೆಳಗೆ ಸ್ಪಷ್ಟವಾಗಿ ನಮೂದಿಸಿದರೆ ಕೊಳ್ಳುವವರಿಗೆ ಯಾವ ಅನುಮಾನವೂ ಉಳಿಯುವುದಿಲ್ಲ.